ಏಳನೇ ಮಹಡಿಯ ಬಾಣಂತಿ

ಬಾಯಲ್ಲಿ ಕಚ್ಚಿಕೊಂಡಿದ್ದ ಟಾರ್ಚನ್ನು ಕೈಗೆ ತೆಗೆದುಕೊಂಡು ಮಾಲ್‌ಸುನ್ ಹೇಳಿದಳು: "ಇದು ಪಾರಿವಾಳ ಅಲ್ಲ."

ಅವಳ ಅರ್ಧ ಮೈ ಏಸಿ ಯಂತ್ರ ಇಡುವ ಸಣ್ಣ ಕೋಣೆಯೊಳಗಿತ್ತು, ಇನ್ನರ್ಧ ಬಾಲ್ಕನಿಯ ನೆಲದ ಮೇಲೆ ಮಲಗಿತ್ತು. ಹಿಂದೆ ನಿಂತಿದ್ದ ಮನೆಯೊಡತಿ ಹೇರಾನ್‌ಗೆ ಕಾಣುತ್ತಿದ್ದದ್ದು ನೀಲಿ ಪ್ಯಾಂಟು, ಸೊಂಟಕ್ಕೆ ಬಿಗಿದ ಸುರಕ್ಷಾ ಪಟ್ಟಿ, ಅಷ್ಟೆ. ಹೇರಾನ್ ಎರಡೂ ತೋಳಲ್ಲಿ ಅನ್ನದ ಕುಕ್ಕರನ್ನು ತಬ್ಬಿಕೊಂಡಿದ್ದಳು. ಹೊಸ ಮನೆಗೆ ಎಲ್ಲಕ್ಕಿಂತ ಮೊದಲು ಹೋಗಬೇಕಾದದ್ದು ಅದು. ಅದು ಅಡುಗೆಮನೆ ಸೇರುವ ತನಕ ಬೇರೆ ಒಂದು ಕಡ್ಡಿಯೂ ಒಳಗೆ ಬರಬಾರದೆಂದು ಅವಳ ತಾಯಿ ಬೆಳಗಿನಿಂದ ಮೂರು ಸಲ ಫೋನ್ ಮಾಡಿ ಹೇಳಿದ್ದಳು. ಆದರೆ ಹೊಸಿಲು ದಾಟಿದ ತಕ್ಷಣ ಪಾರಿವಾಳಕ್ಕೆ ಬಲೆ ಕಟ್ಟಲು ಬಂದ ಈ ಹೆಂಗಸು "ಸ್ವಲ್ಪ ಬನ್ನಿ ಇಲ್ಲಿ" ಎಂದು ಕರೆದಿದ್ದಳು.

"ಪಾರಿವಾಳ ಅಲ್ದಿದ್ರೆ ಇನ್ನೇನು ಚಿಕ್ಕಮ್ಮಾ? ಕೆಳಗೆ ಆಫೀಸಿನವರು ಪಾರಿವಾಳ ಅಂತಾನೇ ಹೇಳಿದ್ರು."

"ಅವರು ನೋಡಿರೋದು ಕೆಳಗೆ ಬಿದ್ದ ಹಿಕ್ಕೇನ. ಹಕ್ಕೀನ ಯಾರು ನೋಡಿದಾರೆ? ಬಾತು ಕಣಮ್ಮ ಇದು. ವೊನಾಂಗ್ ಬಾತು."

ಮಾಲ್‌ಸುನ್ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಹೇರಾನ್ ಕುಕ್ಕರ್ ತಬ್ಬಿಕೊಂಡೇ ಬಗ್ಗಿ ನೋಡಿದಳು. ಹಿಂದಿನವರು ಬಿಟ್ಟುಹೋದ ಹೂವಿನ ಉದ್ದ ತೊಟ್ಟಿಯೊಂದು ಮೂಲೆಯಲ್ಲಿತ್ತು. ಒಣಮಣ್ಣಿನ ಮೇಲೆ ಬೂದು ತುಪ್ಪಳದ ಹಾಸು. ಅದರ ಮೇಲೆ ಬೂದುಕಂದು ಬಣ್ಣದ ಹಕ್ಕಿ. ಕಣ್ಣಿನ ಸುತ್ತ ಯಾರೋ ಸುಣ್ಣದಲ್ಲಿ ಬಳೆ ಬರೆದು ಬೆರಳನ್ನು ಹಾಗೇ ಹಿಂದಕ್ಕೆ ಎಳೆದಂತೆ ಒಂದು ಬಿಳಿ ಗೆರೆ. ಅದು ಅಲುಗಾಡಲಿಲ್ಲ. ಬೆಳಕಿಗೆ ಕಣ್ಣನ್ನೂ ಮಿಟುಕಿಸಲಿಲ್ಲ.

"ಮದುವೆ ಮನೇಲಿ ಇಡ್ತಾರಲ್ಲ ಮರದ ಜೋಡಿ, ಆ ವೊನಾಂಗಾ?"

"ಅದೇ."

ಹೇರಾನ್‌ಗೆ ನಗು ಬಂತು, ಆದರೆ ಅದು ಸಂತೋಷದ ನಗುವಲ್ಲ. "ಗಂಡನ್ನ ಬಿಟ್ಟು ನಾಲ್ಕು ವರ್ಷ ಆಯ್ತು ನಂಗೆ. ಅತ್ತೆ ಕೊಟ್ಟಿದ್ದ ಆ ಜೋಡೀನ ಮೊನ್ನೆ ಸಾಮಾನು ಕಟ್ಟೋವಾಗ ಕಸಕ್ಕೆ ಎಸೆದು ಬಂದೆ. ಈಗ ಜೀವ ಇರೋದೇ ಬಂದು ಕೂತಿದೆ ಅಂತೀರಾ?"

"ಜೋಡಿ ಎಲ್ಲಿದೆ? ಒಂದೇ ತಾನೆ ಇರೋದು. ಇದು ಕಾವಿಗೆ ಕೂತ್ಕೊಂಡ ಮೇಲೆ ಗಂಡು ಅದರ ಪಾಡಿಗೆ ಅದು ಹೊರಟುಹೋಗುತ್ತೆ."

"ಹೌದಾ?" ಎಂದಳು ಹೇರಾನ್. "ಮದುವೇಲಿ ಇದನ್ನ ಯಾಕೆ ಯಾರೂ ಹೇಳಲ್ಲ?"

ಆಗ ಹಕ್ಕಿಯ ಎದೆಯ ಕೆಳಗಿಂದ ಒಂದು ಹಳದಿ ತಲೆ ಹೊರಬಂದು ಮತ್ತೆ ಒಳಗೆ ಹೋಯಿತು. ಇನ್ನೊಂದು ಕಡೆಯಿಂದ ಮತ್ತೊಂದು. ಕೇಳಿಯೂ ಕೇಳದಷ್ಟು ಸಣ್ಣ ದನಿಗಳು ತೊಟ್ಟಿಯ ತುಂಬ ಗಿಜಿಗುಟ್ಟುತ್ತಿದ್ದವು. ಮಾಲ್‌ಸುನ್ ಟಾರ್ಚ್ ಆರಿಸಿ ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು. ಮರಿಗಳ ಮೈ ಒಣಗಿತ್ತು. ನಿನ್ನೆಯೇ ಮೊಟ್ಟೆ ಒಡೆದಿರಬೇಕು. ಹಾಗಿದ್ದರೆ ಇವತ್ತೇ ಗೂಡು ಬಿಡುತ್ತವೆ.

ಮಾಲ್‌ಸುನ್‌ಗೆ ಅರವತ್ತೊಂದು. ಐದನೆಯದೂ ಹೆಣ್ಣಾದಾಗ ಅಪ್ಪ ಬೇಸತ್ತು ಇಟ್ಟ ಹೆಸರು ಅದು. ನಮ್ಮಲ್ಲಿ ಸಾಕಮ್ಮ ಅಂತ ಇಡುವುದಿಲ್ಲವೇ, ಹಾಗೆ. ಸಾಮ್‌ಚನ್‌ಪೊ ಬಂದರಿನಲ್ಲಿ ನಲವತ್ತು ವರ್ಷ ಮೀನಿನ ಬಲೆಗೆ ತೇಪೆ ಹಾಕಿದವಳು. ಗಂಡ ಜೊಂಗ್‌ಪಾಲ್ ದೋಣಿ ಮಾರಿದ ಮೇಲೆ ಇಬ್ಬರೂ ಜಿಂಜು ಪಟ್ಟಣಕ್ಕೆ ಬಂದು, ಅದೇ ಕೈಕಸುಬನ್ನು ಗೋಡೆಗೆ ತಂದಿದ್ದರು: ಅಪಾರ್ಟ್‌ಮೆಂಟುಗಳ ಏಸಿ ಗೂಡಿನಲ್ಲಿ ಸಂಸಾರ ಹೂಡುವ ಪಾರಿವಾಳಗಳನ್ನು ಎಬ್ಬಿಸುವುದು, ತೊಳೆಯುವುದು, ಮತ್ತೆ ಬಾರದಂತೆ ಬಲೆ ಕಟ್ಟುವುದು. ಮೇಲಿನ ಕೆಲಸ ಇವಳದು. ಕೆಳಗೆ ನಿಂತು ಓಡಾಡುವವರನ್ನು ದೂರ ಸರಿಸುವುದು, ಅವರ ಜೊತೆ ಹರಟುವುದು ಅವನದು.

ಮೂರು ವರ್ಷದ ಹಿಂದೆ ಒಂದು ಮನೆಯಲ್ಲಿ "ಒಳಗೇನೂ ಇಲ್ಲ, ನಾನೇ ನೋಡಿದೀನಿ, ಬೇಗ ಕಟ್ಟಿ" ಎಂದ ಯಜಮಾನನ ಮಾತು ನಂಬಿ ಅವಳು ಬಲೆ ಬಿಗಿದು ಬಂದಿದ್ದಳು. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ: ಪಾರಿವಾಳವೊಂದು ಬಂದು ಬಂದು ಬಲೆಗೆ ಎದೆ ಬಡಿಯುತ್ತಿದೆ, ನಿದ್ದೆಯಿಲ್ಲ ಎಂದು. ಹೋಗಿ ಬಲೆ ಕತ್ತರಿಸಿದಾಗ ಯಂತ್ರದ ಹಿಂದೆ ಎರಡು ಮರಿಗಳಿದ್ದವು. ಅವು ಹೇಗಿದ್ದವೆಂದು ಅವಳು ಯಾರಿಗೂ, ಗಂಡನಿಗೂ, ಹೇಳಿರಲಿಲ್ಲ. ಅವತ್ತಿನಿಂದ ಬಲೆ ಕಟ್ಟುವ ಮೊದಲು ಪ್ರತಿ ಮೂಲೆಗೂ ಕೈ ಹಾಕಿ ನೋಡುತ್ತಿದ್ದಳು. ಯಾರು ಏನೇ ಹೇಳಲಿ.

"ಇವತ್ತು ಬಲೆ ಕಟ್ಟೋಕಾಗಲ್ಲಮ್ಮ," ಎಂದಳು.

ಹೇರಾನ್ ಮುಖ ಬಿಗಿಯಾಯಿತು. "ನೋಡಿ ಚಿಕ್ಕಮ್ಮ, ಕೆಳಗೆ ಸಾಮಾನು ಮೇಲೇರಿಸೋ ಏಣಿ ಲಾರಿ ಬಂದು ನಿಂತಿದೆ. ಎರಡು ಗಂಟೆಗೆ ಏಸಿ ಹಾಕೋವ್ರು ಬರ್ತಾರೆ. ದೆವ್ವದ ಕಾಟ ಇಲ್ಲದ ದಿನ ಅಂತ ಎರಡು ತಿಂಗಳು ಮೊದಲೇ ಗೊತ್ತು ಮಾಡಿದ ಮುಹೂರ್ತ ಇದು. ನಲವತ್ತಮೂರು ವರ್ಷಕ್ಕೆ ಮೊದಲ್ನೇ ಸಲ ನನ್ನ ಹೆಸರಲ್ಲಿ ಒಂದು ಬಾಗಿಲು ಆಗಿದೆ. ನಾನು ಒಳಗೆ ಬರೋಕೆ ಮುಂಚೆ ಬಾತು ಬಂದು ಬಾಣಂತನ ಮಾಡ್ಕೊಂಡು ಕೂತ್ರೆ ಏನರ್ಥ? ಒಂದು ಡಬ್ಬಕ್ಕೆ ಹಾಕ್ಕೊಂಡು ಹೋಗಿ ಹೊಳೆಗೆ ಬಿಟ್ಬಿಡಿ."

"ಮರಿಗಳಿಗೆ ಕೈ ಹಾಕಿದ್ರೆ ತಾಯಿ ಹಾರಿಹೋಗುತ್ತೆ. ತಾಯಿ ಇಲ್ದೆ ಇವನ್ನ ಹೊಳೆಗೆ ಬಿಟ್ರೆ ಸಂಜೆವರೆಗೂ ಉಳಿಯಲ್ಲ. ಅದೂ ಅಲ್ದೆ ವೊನಾಂಗ್ ಅಂದ್ರೆ ಸರ್ಕಾರದ ಹಕ್ಕಿ. ಮುಟ್ಟಿದ್ರೆ ನಿಮಗೂ ಕೇಸು, ನಂಗೂ ಕೇಸು."

"ಮತ್ತೆ ನಾನು ಇವಳ ಜೊತೆ ಎಷ್ಟು ತಿಂಗಳು ಇರ್ಲಿ?"

"ತಿಂಗಳಲ್ಲ. ಬಾತಿನ ಮರಿ ಗೂಡಲ್ಲಿ ಕೂತು ತಿನ್ನಲ್ಲ. ಹುಟ್ಟಿದ ಮಾರನೇ ದಿನ ಹೊರಟುಬಿಡುತ್ತೆ. ತಾಯಿ ಕೆಳಗಿಳಿದು ಕರೀತಾಳೆ. ಇವು ಒಂದೊಂದಾಗಿ ಹಾರ್ತಾವೆ."

ಹೇರಾನ್ ಬಾಲ್ಕನಿಯ ಕಿಟಕಿಯಿಂದ ಕೆಳಗೆ ನೋಡಿದಳು. ಏಳು ಮಹಡಿ. ಕೆಳಗೆ ಸಿಮೆಂಟಿನ ಚರಂಡಿ ಅಂಚು, ಅದರ ಪಕ್ಕ ಲಾರಿಯ ಕಬ್ಬಿಣದ ಹಲಗೆ, ಆಮೇಲೆ ಕಾರು ನಿಲ್ಲಿಸುವ ಗಟ್ಟಿ ನೆಲ.

"ಹಾರ್ತಾವೆ ಅಂದ್ರೆ? ರೆಕ್ಕೆ ಇದೆಯಾ ಅವಕ್ಕೆ?"

"ಇಲ್ಲ," ಎಂದಳು ಮಾಲ್‌ಸುನ್.

ಹೇರಾನ್ ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟು ಬಂದಳು.

ಮಾಲ್‌ಸುನ್ ನಗರಸಭೆಗೆ ಫೋನ್ ಮಾಡಿದಳು. ಅಲ್ಲಿಂದ ಕಾಡುಪ್ರಾಣಿ ರಕ್ಷಣಾ ಕಚೇರಿಯ ನಂಬರು ಕೊಟ್ಟರು. ಆ ಕಡೆಯಿದ್ದ ಹುಡುಗಿ ಒಳ್ಳೆಯವಳು. ಆದರೆ ಅವಳು ಬೆಟ್ಟದ ಆಚೆ ಗಾಯಗೊಂಡ ಗೂಬೆಯೊಂದನ್ನು ನೋಡಲು ಹೋಗಿದ್ದಳು. "ಎರಡು ಗಂಟೆ ಬೇಕು ನಂಗೆ. ಏನೂ ಮುಟ್ಬೇಡಿ. ತಾಯಿ ಕೆಳಗಿಳಿದ್ರೆ ತಡೀಬೇಡಿ. ರಸ್ತೆ ಕಡೆ ಹೋದ್ರೆ ಗಾಡಿಗಳನ್ನ ನಿಲ್ಲಿಸಿ, ಅಷ್ಟು ಮಾಡಿದ್ರೆ ಸಾಕು," ಎಂದಳು.

"ಅವರು ಬರೋಕೆ ಎರಡು ಗಂಟೆ ಬೇಕಂತೆ. ಅಲ್ಲೀವರೆಗೆ ಲಾರಿಯವರಿಗೆ ಸುಮ್ನಿರೋಕೆ ಹೇಳಿ," ಎನ್ನುವಷ್ಟರಲ್ಲಿ ಬಾಲ್ಕನಿಯ ಕಂಬಿಗೆ ಏಣಿಯ ತುದಿ ಬಂದು ಢಣ್ ಎಂದು ಬಡಿಯಿತು.

ಏಣಿ ಲಾರಿಯ ಪ್ಯೋಗೆ ಯಾರೂ ಏನೂ ಹೇಳಿರಲಿಲ್ಲ. ಅವನು ತನ್ನ ಕೆಲಸ ಶುರುಮಾಡಿದ್ದ. ಕಬ್ಬಿಣದ ಸದ್ದು ಗೋಡೆಯಲ್ಲೆಲ್ಲ ನಡುಗಿತು. ಒಳಗೆ ರೆಕ್ಕೆ ಬಡಿದ ಶಬ್ದ. ತಗಡಿನ ಪಟ್ಟಿಗಳ ಕಿಟಕಿಯ ತೆರೆದ ಸಂದಿಯಲ್ಲಿ ಬೂದುಬಣ್ಣದ್ದೇನೋ ತೂರಿತು. ಇಬ್ಬರು ಹೆಂಗಸರೂ ಬಾಲ್ಕನಿಯ ಕಿಟಕಿಗೆ ಓಡಿ ನೋಡಿದಾಗ ಬಾತು ಗಾಳಿಯಲ್ಲಿ ದೊಡ್ಡ ಸುತ್ತು ಹಾಕಿ, ಕಾರುಗಳ ಆಚೆ, ಚೆರ್ರಿ ಮರದ ಕೆಳಗಿನ ಹುಲ್ಲಿನ ಪಟ್ಟಿಯ ಮೇಲೆ ಇಳಿಯುತ್ತಿತ್ತು.

"ಹೋಯ್ತು," ಎಂದಳು ಹೇರಾನ್.

"ಹೋಗಿಲ್ಲ. ಸುಮ್ನೆ ಕೇಳು."

ಕೆಳಗಿನಿಂದ ಒಂದು ದನಿ ಬಂತು. ಜೋರಿನದಲ್ಲ. ಬಾಗಿಲ ಮರೆಯಲ್ಲಿ ನಿಂತು ಯಾರನ್ನೋ ಮೆಲ್ಲಗೆ ಕರೆದ ಹಾಗೆ, ತಗ್ಗಿನ, ಬಿಡದ ದನಿ. ಕೋಣೆಯೊಳಗೆ ಗಿಜಿಗಿಜಿ ಒಮ್ಮೆಲೇ ನಿಂತಿತು. ಆಮೇಲೆ ಹತ್ತು ಪಟ್ಟಾಗಿ ಶುರುವಾಯಿತು. ತುಪ್ಪಳದ ಹಾಸಿನಿಂದ ಮರಿಗಳು ತೊಟ್ಟಿಯ ಅಂಚಿಗೆ ಹತ್ತಿ, ಅಲ್ಲಿಂದ ನೆಲಕ್ಕೆ ಉರುಳಿ, ಬೆಳಕಿನ ಕಡೆ ಓಡತೊಡಗಿದವು. ಕಿಟಕಿಯ ಪಟ್ಟಿ ನೆಲದಿಂದ ಒಂದು ಗೇಣು ಎತ್ತರ. ಮೊದಲನೇ ಮರಿ ಜಿಗಿಯಿತು, ಬಿತ್ತು. ಜಿಗಿಯಿತು, ಅಂಚನ್ನು ಹಿಡಿಯಿತು. ಅಲ್ಲಿ ನಿಂತು ಕೆಳಗೆ ನೋಡಿತು.

ಮಾಲ್‌ಸುನ್ ಆಗಲೇ ಫೋನಿನಲ್ಲಿದ್ದಳು. ಬಾಯಿಗೆ ಕೈ ಅಡ್ಡ ಇಟ್ಟು ಪಿಸುಗುಡುತ್ತಿದ್ದಳು. "ರೀ, ಬಲೆ ಬಿಚ್ಚಿ. ದೊಡ್ಡದು."

"ಮೇಲಕ್ಕೆ ಕಳಿಸ್ಲಾ?" ಕೆಳಗೆ ವ್ಯಾನಿನ ಪಕ್ಕ ನಿಂತಿದ್ದ ಜೊಂಗ್‌ಪಾಲ್ ಕೇಳಿದ.

"ಬೇಡ. ಅಲ್ಲೇ ಹಿಡೀರಿ. ಈ ಕಿಟಕಿ ನೇರಕ್ಕೆ. ಮರಿ ಬೀಳ್ತವೆ."

"ಯಾರ ಮರಿ?"

"ಹಿಡೀರಿ ಅಂದ್ರೆ ಹಿಡೀರಿ ಮಾರಾಯ್ರೆ. ಮಾತು ಆಮೇಲೆ."

ಅಷ್ಟರಲ್ಲಿ ಮೊದಲನೆಯದು ಹಾರಿಬಿಟ್ಟಿತ್ತು.

ಹೇರಾನ್ ಕಿಟಕಿಯ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಲ್ಲದ ರೆಕ್ಕೆಗಳನ್ನು ಅಗಲಿಸಿ, ಎರಡು ಪುಟ್ಟ ಪಾದ ಚಾಚಿ, ಒಂದು ಹತ್ತಿಯ ಉಂಡೆ ಏಳು ಮನೆಗಳ ಕಿಟಕಿ ದಾಟಿ ಇಳಿಯಿತು. ಗಾಳಿ ಅದನ್ನು ಒಂದಿಷ್ಟು ಪಕ್ಕಕ್ಕೆ ತಳ್ಳಿತು. ಚರಂಡಿಯ ಅಂಚಿಗೆ ಒಂದು ಮೊಳ ಈಚೆ, ಬೇಲಿಯಂತೆ ಕತ್ತರಿಸಿದ ಗಿಡಗಳ ಮೇಲೆ ಬಿದ್ದು, ಎಲೆಗಳೊಳಗೆ ಮುಳುಗಿತು. ಒಂದು ಉಸಿರು. ಎರಡು ಉಸಿರು. ಗಿಡದ ಬುಡದಿಂದ ಹಳದಿ ಚುಕ್ಕೆಯೊಂದು ಹೊರಬಂದು ಕಾರುಗಳ ಕೆಳಗೆ ನುಸುಳಿ ತಾಯಿಯ ಕಡೆ ಓಡಿತು.

"ಬದುಕಿದೆ ಚಿಕ್ಕಮ್ಮ," ಎಂದಳು ಹೇರಾನ್. "ಓಡ್ತಾ ಇದೆ."

"ಅದೃಷ್ಟ ಅದರದು. ಎಲ್ಲಕ್ಕೂ ಗಿಡ ಸಿಗಲ್ಲ." ಮಾಲ್‌ಸುನ್ ಕೆಳಗೆ ನೋಡುತ್ತಲೇ ಇದ್ದಳು. ಜೊಂಗ್‌ಪಾಲ್ ಬಲೆ ಬಿಡಿಸಿ ಒಂದು ಮೂಲೆಯನ್ನು ಪ್ಯೋ ಕೈಗೆ ಕೊಟ್ಟಿದ್ದ. ಸಾಮಾನು ಹೊರಲು ಬಂದಿದ್ದ ಇಬ್ಬರು ಆಳುಗಳೂ ಓಡಿಬಂದು ಉಳಿದ ಮೂಲೆಗಳನ್ನು ಹಿಡಿದಿದ್ದರು. ಆಗ ಅವಳಿಗೆ ಹೊಳೆಯಿತು. ಪಾರಿವಾಳದ ಬಲೆಯ ಕಣ್ಣು ಐದು ಸೆಂಟಿಮೀಟರು. ಕೊಟ್ಟಿಗೆಯ ಬಾಗಿಲಲ್ಲಿ ಕರು ನುಗ್ಗಿದಂತೆ ಅದರಲ್ಲಿ ಈ ಮರಿ ನುಗ್ಗಿ ಹೋಗುತ್ತದೆ.

"ಕಣ್ಣು ದೊಡ್ಡದಾಯ್ತು. ಮೇಲೆ ಏನಾದ್ರೂ ಹಾಸ್ಬೇಕು. ಬಟ್ಟೆ. ಕಂಬಳಿ. ಏನಾದ್ರೂ."

ಹೇರಾನ್ ಕೈಯಲ್ಲೂ ಫೋನ್ ಬಂದಿತ್ತು. ಅವಳೂ ಪಿಸುಗುಟ್ಟಿದಳು. "ಪ್ಯೋ ಅವರೇ, ಲಾರೀಲಿ ಎಡಗಡೆ ಬಿಳೀ ಗಂಟಿದೆ ನೋಡಿ. ಹತ್ತಿ ಹೊದಿಕೆ. ಬಿಚ್ಚಿ ಬಲೆ ಮೇಲೆ ಹಾಕಿ."

"ಇದು ಹೊಸಾದು ಕಣಕ್ಕಾ, ಚೀಟಿ ಕೂಡ ಕಿತ್ತಿಲ್ಲ."

"ಗೊತ್ತು. ನಾನೇ ತಂದಿದ್ದು. ಹಾಕಿ."

ಹೊಸ ಮನೆಯ ಮೊದಲ ರಾತ್ರಿಗೆಂದು ಅವಳು ತೆಗೆದಿಟ್ಟಿದ್ದ ಹೊದಿಕೆ ಬಲೆಯ ಮೇಲೆ ಹರಡಿಕೊಂಡಿತು. ನಾಲ್ಕು ಮೂಲೆಗೆ ನಾಲ್ವರು ಗಂಡಸರು ತಲೆಯೆತ್ತಿ ಬಾಯಿ ತೆರೆದು ನಿಂತರು. ಜೊಂಗ್‌ಪಾಲ್‌ಗೆ ದೋಣಿಯಲ್ಲಿ ಮೂವತ್ತು ವರ್ಷ ಕೂಗಿದ ಹಳೆಯ ದನಿ ಬಂದುಬಿಟ್ಟಿತ್ತು. "ಬಿಗಿಯಾಗಿ ಎಳೀಬೇಡಿ. ಬಿಗಿ ಮಾಡಿದ್ರೆ ಪುಟಿದು ಆಚೆ ಬೀಳ್ತವೆ. ಜೋಲು ಬಿಡಿ, ಬಂಗಡೆ ತುಂಬಿದ ಬಲೆ ಇರುತ್ತಲ್ಲ, ಹಾಗೆ."

"ನಾನು ಬೆಟ್ಟದ ಊರವನು ಅಣ್ಣಾ. ಬಂಗಡೆ ನೋಡಿರೋದು ತಟ್ಟೇಲಿ ಮಾತ್ರ," ಎಂದ ಪ್ಯೋ.

"ಹಂಗಾದ್ರೆ ನಾನು ಎತ್ತ ಸರೀತೀನೋ ಅತ್ತ ಸರಿ. ಮೇಲೆ ನೋಡು. ಕಣ್ಣು ಮುಚ್ಬೇಡ."

ಎರಡನೆಯದು ಬಿತ್ತು. ಹೊದಿಕೆಯ ನಡುವೆ ಒಂದು ಗುಳಿ ಮಾಡಿ ಅದರಲ್ಲಿ ಮಲಗಿತು. ಗಂಡಸರು ಉಸಿರು ಬಿಗಿಹಿಡಿದರು. ಅದು ಎದ್ದು ಮೈ ಕೊಡವಿತು. ಜೊಂಗ್‌ಪಾಲ್ ತನ್ನ ಮೂಲೆಯನ್ನು ನೆಲಕ್ಕೆ ತಗ್ಗಿಸಿದ. ಮರಿ ಇಳಿಜಾರಿನಲ್ಲಿ ಜಾರಿ ಓಡಿತು. ಬಲೆ ಮೇಲಕ್ಕೇರುವ ಮೊದಲೇ ಮೂರನೆಯದು ಹೊರಟಿತ್ತು. ಅದರ ಬೆನ್ನಿಗೇ ನಾಲ್ಕನೆಯದು. ಎರಡೂ ಒಟ್ಟಿಗೆ ಬಿದ್ದು ಒಂದರ ಮೇಲೊಂದು ಉರುಳಿದವು.

ಮೇಲೆ ಹೇರಾನ್ ಎಣಿಸುತ್ತಿದ್ದಳು. "ಐದು. ಚಿಕ್ಕಮ್ಮ, ಐದು. ಆರನೇದು ಹೆದರ್ತಾ ಇದೆ ನೋಡಿ. ಹೋಗೇ, ಹೋಗು. ಹೋದ್ಲು."

ಆರನೆಯದಕ್ಕೆ ಗಾಳಿ ಸಿಕ್ಕಿತು. ಅದು ನೇರ ಇಳಿಯದೆ ಲಾರಿಯ ಕಬ್ಬಿಣದ ಕಡೆಗೆ ತೇಲತೊಡಗಿತು. "ಬಲಕ್ಕೆ," ಎಂದು ಕೂಗಿದ ಜೊಂಗ್‌ಪಾಲ್ ಇಡೀ ಬಲೆಯನ್ನು ಎಳೆದುಕೊಂಡು ಓಡಿದ. ಪ್ಯೋ ಮುಗ್ಗರಿಸಿ ಮಂಡಿಯೂರಿದ, ಆದರೆ ಕೈಯಲ್ಲಿದ್ದ ಮೂಲೆ ಬಿಡಲಿಲ್ಲ. ಮರಿ ಹೊದಿಕೆಯ ಅಂಚಿಗೆ, ಕಸೂತಿ ಹಾಕಿದ ಪಟ್ಟಿಯ ಮೇಲೆ ಬಿತ್ತು. ಏಳು, ಎಂಟು, ಒಂಬತ್ತು ಸರಸರನೆ ಬಂದವು, ಜಾರುಬಂಡೆಯ ಮಕ್ಕಳ ಹಾಗೆ. ಎದುರಿನ ಕಟ್ಟಡದ ಬಾಲ್ಕನಿಗಳಲ್ಲಿ ಜನ ಸೇರಿದ್ದರು. ಒಬ್ಬ ಮುದುಕ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ನಿಂತಿದ್ದ. ಯಾರೂ ಸದ್ದು ಮಾಡಲಿಲ್ಲ.

ತಾಯಿ ಬಾತು ಸ್ವಲ್ಪ ಹೊತ್ತು ಕರೆಯಿತು. ಆಮೇಲೆ ಕತ್ತು ಚಾಚಿ, ಒಂಬತ್ತನ್ನೂ ಹಿಂದೆ ಕಟ್ಟಿಕೊಂಡು, ಗೇಟಿನ ಕಡೆ ನಡೆಯತೊಡಗಿತು.

"ಮುಗೀತಾ?" ಕೇಳಿದಳು ಹೇರಾನ್.

ಮಾಲ್‌ಸುನ್ ಕೋಣೆಯೊಳಗೆ ತಲೆ ಹಾಕಿದಳು. ಮುಗಿದಿರಲಿಲ್ಲ. ತೊಟ್ಟಿಯಲ್ಲಿ ಅಲ್ಲ, ನೆಲದಲ್ಲಿ ಅಲ್ಲ, ಗೋಡೆಯೊಳಗಿಂದಲೇ ಎಂಬಂತೆ ಒಂದೇ ಒಂದು ದನಿ ಕೀಚಲಾಗಿ ಬರುತ್ತಿತ್ತು. ನೀರಿನ ಕೊಳವೆ ಗೋಡೆಗೆ ಸೇರುವಲ್ಲಿ ಎರಡು ಬೆರಳಿನ ಸಂದು. ಬೆಳಕಿನತ್ತ ಓಡುವ ಬದಲು ಒಂದು ಮರಿ ಅದರೊಳಗೆ ನುಗ್ಗಿ ಸಿಕ್ಕಿಕೊಂಡಿತ್ತು. ಅವಳು ಕೈ ಹಾಕಿ ನೋಡಿದಳು. ನಲವತ್ತು ವರ್ಷ ಗಂಟು ಬಿಗಿದು ಕೀಲು ಊದಿದ ಬೆರಳುಗಳು ಸಂದಿನ ಬಾಯಲ್ಲೇ ನಿಂತವು.

"ನಿಮ್ಮ ಕೈ ಕೊಡಿ."

"ಮುಟ್ಬಾರ್ದು ಅಂದ್ರಲ್ಲ?"

"ಅಂದ್ರು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೇರಾನ್ ಕೈಗಡಿಯಾರ ಬಿಚ್ಚಿ ನೆಲದ ಮೇಲಿಟ್ಟಳು. ಹೊಟ್ಟೆಯ ಮೇಲೆ ಮಲಗಿ, ಒಳಗೆ ತೆವಳಿ, ಮಣಿಕಟ್ಟಿನವರೆಗೆ ಕೈ ಸಂದಿಯೊಳಗೆ ತೂರಿಸಿದಳು. ಮಾಲ್‌ಸುನ್ ಅವಳ ಹಿಂದೆ ಕೂತು ಟಾರ್ಚ್ ಹಿಡಿದಳು. "ಎಳೀಬೇಡ. ಕೆಳಗಿಂದ ಬೆರಳು ಕೊಡು. ಅದೇ ಹತ್ತುತ್ತೆ. ಅವಸರ ಬೇಡ."

"ತಾಯಿ ಹೊರಟುಹೋಗ್ತಾಳೆ ಚಿಕ್ಕಮ್ಮ."

"ಹೋಗ್ಲಿ. ನೀನು ಅವಸರ ಮಾಡ್ಬೇಡ."

ಹೇರಾನ್ ಕಣ್ಣು ಮುಚ್ಚಿದಳು. ಬೆರಳ ತುದಿಗೆ ಮೊದಲು ತಣ್ಣನೆಯ ಸಿಮೆಂಟು, ಆಮೇಲೆ ಒಂದು ಬಿಸಿ. ಪುಟ್ಟ ಉಗುರುಗಳು ಅವಳ ಬೆರಳನ್ನು ಗೀರಿದವು, ಜಾರಿದವು, ಮತ್ತೆ ಹತ್ತಿದವು. ಕೈ ಹೊರಗೆ ಬಂದಾಗ ಬೆರಳುಗಳ ನಡುವೆ ಜೇಡರಬಲೆ ಮೆತ್ತಿದ ಒಂದು ತಲೆ ಇತ್ತು.

ಇದನ್ನು ಕಿಟಕಿಯಿಂದ ಬಿಡುವ ಹಾಗಿರಲಿಲ್ಲ. ಕೆಳಗೆ ಕರೆಯುವವರು ಯಾರೂ ಉಳಿದಿರಲಿಲ್ಲ. ಲಿಫ್ಟು ಹದಿನೈದನೇ ಮಹಡಿಯಲ್ಲಿತ್ತು. ಹೇರಾನ್ ಅದಕ್ಕೆ ಕಾಯಲಿಲ್ಲ. ಚಪ್ಪಲಿ ಹೊಸಿಲ ಬಳಿ ಬಿಟ್ಟಿದ್ದಳು, ಅದನ್ನೂ ಮೆಟ್ಟಲಿಲ್ಲ. ಬರಿಯ ಕಾಲುಚೀಲದಲ್ಲಿ, ಎರಡೂ ಅಂಗೈ ಎದೆಗೆ ಒತ್ತಿಕೊಂಡು, ಪ್ರತಿ ತಿರುವಿನಲ್ಲಿ ಭುಜ ಗೋಡೆಗೆ ತಾಗಿಸಿಕೊಳ್ಳುತ್ತ ಏಳು ಮಹಡಿಯ ಮೆಟ್ಟಿಲು ಇಳಿದಳು. ಅಂಗೈಯೊಳಗೆ ಅದು ಒಂದೇ ಸಮನೆ ಕಿರುಚುತ್ತಿತ್ತು. "ಆಯ್ತು, ಬಂದ್ವಿ, ಬಂದ್ವಿ," ಎಂದು ಇವಳೂ ಒಂದೇ ಸಮನೆ ಹೇಳುತ್ತಿದ್ದಳು.

ಗೇಟಿನ ಆಚೆ ನಾಲ್ಕು ಸಾಲಿನ ರಸ್ತೆ. ರಸ್ತೆಯ ಆಚೆ ಏರಿ, ಏರಿಯ ಕೆಳಗೆ ನಾಮ್ ನದಿ. ಅವಳು ಗೇಟು ಮುಟ್ಟಿದಾಗ ರಸ್ತೆಯ ನಟ್ಟನಡುವೆ ಪ್ಯೋ ಎರಡೂ ಕೈ ಅಗಲಿಸಿ ನಿಂತಿದ್ದ; ಒಂದು ಕೈಯಲ್ಲಿ ಲಾರಿಯ ಕೆಂಪು ಬಾವುಟ. ಅವನ ಪ್ಯಾಂಟು ಮಂಡಿಯ ಬಳಿ ಹರಿದಿತ್ತು. ಜೊಂಗ್‌ಪಾಲ್ ಇನ್ನೊಂದು ಕಡೆಯ ಗಾಡಿಗಳಿಗೆ ಅಡ್ಡ ನಿಂತು ತಲೆ ಬಗ್ಗಿಸಿ ಬಗ್ಗಿಸಿ ನಮಸ್ಕರಿಸುತ್ತಿದ್ದ. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ.

"ಏನ್ರೀ, ಮಂತ್ರಿ ಬರ್ತಿದಾರಾ?"

"ಬಾಣಂತಿ ಹೋಗ್ತಿದಾಳೆ," ಎಂದ ಪ್ಯೋ. "ಬ್ರೇಕ್ ಮೇಲೆ ಕಾಲಿಡಿ."

ಬಾತು ಒಂಬತ್ತನ್ನು ಕರೆದುಕೊಂಡು ಆಚೆಯ ಅಂಚು ತಲುಪಿತ್ತು. ಹೇರಾನ್ ಈಚೆಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಅಂಗೈ ನೆಲಕ್ಕಿಟ್ಟು ಬಿಡಿಸಿದಳು. ಮರಿ ಇಳಿಯಿತು. ಎರಡು ಹೆಜ್ಜೆ ಮುಂದೆ ಹೋಗಿ, ತಿರುಗಿ ಬಂದು, ಅವಳ ಎರಡು ಪಾದಗಳ ನಡುವೆ ನುಗ್ಗಿ ಕೂತಿತು.

"ನಾನಲ್ಲ ಕಣೇ," ಎಂದಳು ಹೇರಾನ್. "ಅಲ್ಲಿ ನೋಡು. ಅವಳು."

ಮರಿ ಕಾಲುಚೀಲಕ್ಕೆ ಕೊಕ್ಕು ಒತ್ತಿಕೊಂಡಿತು. ಬಸ್ಸಿನ ಹಿಂದೆ ಯಾರೋ ಹಾರ್ನ್ ಹೊಡೆದರು. ಬಸ್ಸಿನ ಡ್ರೈವರೇ ಇಳಿದುಹೋಗಿ ಅವನಿಗೆ ಬೈದು ಬಂದ. ಆಚೆಯ ಅಂಚಿನಲ್ಲಿ ಬಾತು ನಿಂತಿತ್ತು. ಒಂಬತ್ತೂ ಅದರ ಸುತ್ತ ಗುಂಪುಗೂಡಿದ್ದವು. ಅದು ಹೊಳೆಯ ಕಡೆ ಒಮ್ಮೆ ನೋಡಿತು, ರಸ್ತೆಯ ಕಡೆ ಒಮ್ಮೆ. ಆಮೇಲೆ ಅದೇ ತಗ್ಗಿನ ದನಿ, ಒಂದೇ ಸಲ.

ಹೇರಾನ್ ಪಾದಗಳ ನಡುವಿನಿಂದ ಹಳದಿಯದೊಂದು ಚಿಮ್ಮಿತು. ನಾಲ್ಕು ಸಾಲಿನ ಖಾಲಿ ರಸ್ತೆಯನ್ನು, ಇಬ್ಬರು ಗಂಡಸರ ನಡುವೆ, ಒಂದು ಬಸ್ಸಿನ ಮೂತಿಯ ಮುಂದೆ, ಅದು ಒಂಟಿಯಾಗಿ ಓಡಿ ದಾಟಿತು. ಆಚೆ ದಡದಲ್ಲಿ ಎಣಿಕೆ ಹತ್ತಾಯಿತು. ಏರಿಯ ಹುಲ್ಲಿನಲ್ಲಿ ಉರುಳುತ್ತ, ಜಾರುತ್ತ ಎಲ್ಲವೂ ಕೆಳಗಿಳಿದು ಕಣ್ಣಿಗೆ ಮರೆಯಾದವು. ಬಸ್ಸಿನೊಳಗಿನವರು ಚಪ್ಪಾಳೆ ತಟ್ಟುತ್ತಿದ್ದರು. ಹೇರಾನ್ ಅಂಗೈ ನೋಡಿಕೊಂಡಳು: ಹಸಿರು ಮಿಶ್ರಿತ ಬಿಳಿಯ ಹಿಕ್ಕೆ. ಲಂಗಕ್ಕೆ ಒರೆಸಿಕೊಂಡು ನಕ್ಕಳು. ನಗು ನಿಲ್ಲಲಿಲ್ಲ.

"ಅಕ್ಕಾ," ಪ್ಯೋ ಹತ್ತಿರ ಬಂದು ಕೇಳಿದ, "ಈಗ ಸಾಮಾನು ಏರಿಸ್ಲಾ?"

ಏಳನೇ ಮಹಡಿಯಿಂದ ರಸ್ತೆ ಕಾಣುತ್ತಿರಲಿಲ್ಲ. ಮಾಲ್‌ಸುನ್ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಬರಿಯ ನೆಲದ ಮೇಲೆ ಕೂತಿದ್ದಳು. ಅದು ನಡುಗಿದ ಕೂಡಲೇ ಕಿವಿಗಿಟ್ಟಳು.

"ಹತ್ತೂ ನೀರಿಗಿಳಿದ್ವು ಮಾರಾಯ್ತಿ," ಎಂದ ಜೊಂಗ್‌ಪಾಲ್. "ಕೇಳಿಸ್ತಾ? ಹತ್ತೂ."

"ಕೇಳಿಸ್ತು," ಎಂದಳು. ಫೋನ್ ಇಟ್ಟು, ಕೈಗವಸು ಹಾಕಿಕೊಂಡು ಮತ್ತೆ ಕೋಣೆಯೊಳಗೆ ತೆವಳಿದಳು. ತೊಟ್ಟಿಯ ಹಿಂದೆ, ಕೊಳವೆಯ ಸಂದು, ಕಿಟಕಿಯ ಅಂಚು, ಎಲ್ಲ ಕಡೆ ಒಂದು ಸಲವಲ್ಲ, ಎರಡು ಸಲ ಬೆರಳಾಡಿಸಿದಳು. ತುಪ್ಪಳದ ತಳದಲ್ಲಿ ಒಡೆಯದ ಒಂದು ಮೊಟ್ಟೆ ಸಿಕ್ಕಿತು. ಕೈಗವಸು ಬಿಚ್ಚಿ ಮುಟ್ಟಿ ನೋಡಿದಳು. ತಣ್ಣಗಿತ್ತು. ಹಗುರವಾಗಿಯೂ ಇತ್ತು. ಅದನ್ನು ತುಪ್ಪಳದ ಮೇಲೆಯೇ ಮತ್ತೆ ಇಟ್ಟು, ಕಚೇರಿಯ ಹುಡುಗಿ ಬರುವ ತನಕ ಪಕ್ಕದಲ್ಲಿ ಕೂತಿದ್ದಳು.

ಹುಡುಗಿ ಬಂದಳು. ಮೊಟ್ಟೆಯನ್ನೂ ತುಪ್ಪಳವನ್ನೂ ಡಬ್ಬದಲ್ಲಿಟ್ಟುಕೊಂಡು, ಇನ್ನು ಈ ಗೂಡು ಮುಚ್ಚಬಹುದು ಎಂದು ಬರೆದುಕೊಟ್ಟಳು. ಹತ್ತನೇ ಮರಿಯ ವಿಷಯ ಬಂದಾಗ ಪೆನ್ನು ನಿಲ್ಲಿಸಿದಳು. "ಕೈಯಿಂದ ಮುಟ್ಟಿದ್ದು ಯಾರು?"

"ಯಾರೂ ಮುಟ್ಟಿಲ್ಲ," ಎಂದ ಜೊಂಗ್‌ಪಾಲ್. "ಅದೇ ಬಂದು ಇವರ ಕೈಲಿ ಕೂತ್ಕೊಂಡಿತು. ಏಳು ಮಹಡಿ ಕೂತೇ ಇತ್ತು. ಬೇಡ ಅಂದ್ರೂ ಕೇಳ್ಲಿಲ್ಲ."

ಹುಡುಗಿ ಅವನ ಮುಖ ನೋಡಿದಳು, ಹೇರಾನ್‌ಳ ಕೊಳೆಯಾದ ಕಾಲುಚೀಲ ನೋಡಿದಳು, ಏನನ್ನೋ ಬರೆದು ಪುಟ ಮಗುಚಿದಳು.

ಮಧ್ಯಾಹ್ನ ಎಲ್ಲರೂ ಹಾಲಿನ ನೆಲದ ಮೇಲೆ ಪೆಟ್ಟಿಗೆಗಳ ನಡುವೆ ವೃತ್ತವಾಗಿ ಕೂತು, ಮನೆ ಬದಲಿಸಿದ ದಿನ ಎಲ್ಲರೂ ತರಿಸುವ ಆ ಕಪ್ಪು ಗೊಜ್ಜಿನ ನೂಡಲ್ಸ್ ತಿಂದರು. ಜೊಂಗ್‌ಪಾಲ್ ಬಾಯಲ್ಲಿ ಏಳನೇ ಮಹಡಿ ಆಗಲೇ ಒಂಬತ್ತನೆಯದಾಗಿತ್ತು. ಊಟ ಮುಗಿಸಿ ಮಾಲ್‌ಸುನ್ ಹೇರಾನ್‌ಳನ್ನು ಬಾಲ್ಕನಿಗೆ ಕರೆದಳು.

"ಅವಳು ಮುಂದಿನ ವರ್ಷ ಮತ್ತೆ ಇಲ್ಲೇ ಹುಡುಕ್ಕೊಂಡು ಬರಬಹುದು. ಕಟ್ಲಾ? ಬಿಡ್ಲಾ? ನಿಮ್ಮ ಮನೆ, ನೀವು ಹೇಳಿದ ಹಾಗೆ."

ಬಿಡಿ ಎನ್ನುತ್ತಾಳೆಂದೇ ಅವಳು ತಿಳಿದಿದ್ದಳು. ಹೇರಾನ್ ಕಿಟಕಿಯಿಂದ ಕೆಳಗೆ, ಚರಂಡಿಯ ಸಿಮೆಂಟಿನ ಅಂಚನ್ನೇ ಬಹಳ ಹೊತ್ತು ನೋಡಿದಳು.

"ಕಟ್ಟಿ ಚಿಕ್ಕಮ್ಮ. ಒಂದು ಗುಬ್ಬಚ್ಚೀನೂ ನುಗ್ಗದ ಹಾಗೆ ಕಟ್ಟಿ. ಹೊಳೆ ಪಕ್ಕ ಎಷ್ಟು ಮರ ಇದೆ. ಇಷ್ಟು ಎತ್ತರದಿಂದ ಬೀಳೋದು ಒಂದ್ಸಲ ಸಾಕು."

ಏಸಿಯವರು ಬಂದು ಯಂತ್ರ ಕೂರಿಸಿ ಹೋದ ಮೇಲೆ ಮಾಲ್‌ಸುನ್ ಸಣ್ಣ ಕಣ್ಣಿನ ಬಲೆ ತರಿಸಿ ಕಟ್ಟಿದಳು. ಒಂದೊಂದು ಗೇಣಿಗೆ ಒಂದು ಗಂಟು. ಏಣಿ ಇಳಿಯಿತು, ಲಾರಿ ಹೋಯಿತು. ಅವಳು ಉಪಕರಣಗಳ ಚೀಲ ಹೆಗಲಿಗೇರಿಸಿ "ಹೋಗ್ಬರ್ತೀವಮ್ಮ" ಎನ್ನಲು ಹಾಲಿಗೆ ಬಂದಾಗ ನಾಲ್ಕು ಗಂಟೆ.

ಹೇರಾನ್ ಬರಿಯ ನೆಲದ ಮೇಲೆ ನಿದ್ದೆ ಹೋಗಿದ್ದಳು. ಕಟ್ಟು ಬಿಚ್ಚದ ಪೆಟ್ಟಿಗೆಗಳ ನಡುವೆ, ಮೊಣಕಾಲು ಮಡಿಸಿ, ಒಂದು ಕೆನ್ನೆಯನ್ನು ಮರದ ನೆಲಕ್ಕೊತ್ತಿ. ಬಾಯಿ ಸ್ವಲ್ಪ ತೆರೆದಿತ್ತು. ಪಡುವಣದ ಬಿಸಿಲು ಅವಳ ಬೆನ್ನಿನವರೆಗೆ ಬಂದಿತ್ತು.

ಮಾಲ್‌ಸುನ್ ತುದಿಗಾಲಲ್ಲಿ ಹೊರಗೆ ಬಂದಳು. ಬಾಗಿಲು ಎಳೆಯುವಾಗ ನೆನಪಾಯಿತು: ಈ ಹೊಸ ಎಲೆಕ್ಟ್ರಾನಿಕ್ ಬೀಗಗಳು ಮುಚ್ಚಿಕೊಂಡ ಕೂಡಲೇ ಇಡೀ ಮನೆಗೆ ಕೇಳುವ ಹಾಗೆ ಹಾಡುತ್ತವೆ. ಮುಚ್ಚದೆ ಹೋದರೆ ಮಲಗಿದವಳ ಮನೆ ತೆರೆದು ಬಿದ್ದಿರುತ್ತದೆ. ಒಂದು ಅಂಗುಲ ಸಂದು ಉಳಿಸಿ ಅವಳು ನಿಂತಳು. ಕೆಳಗಿನಿಂದ ಜೊಂಗ್‌ಪಾಲ್ ಫೋನ್ ಮಾಡಿದ. ಜೇಬಿನಲ್ಲೇ ಒತ್ತಿ ಅದನ್ನು ಸುಮ್ಮನಾಗಿಸಿದಳು. ಲಿಫ್ಟು ಬಂತು, ಬಾಗಿಲು ತೆರೆಯಿತು, ಯಾರೂ ಹತ್ತದೆ ಹಾಗೆಯೇ ಕೆಳಗೆ ಹೋಯಿತು. ಅವಳು ಚೀಲವನ್ನು ಮೆಲ್ಲಗೆ ನೆಲಕ್ಕಿಳಿಸಿ, ಬಾಗಿಲ ಸಂದಿಗೆ ಭುಜ ಕೊಟ್ಟು, ಮೆಟ್ಟಿಲಿನ ಕಡೆ ಮುಖ ಮಾಡಿ ಕೂತುಕೊಂಡಳು.